ಕಾಪಾ ನಿಲ್ಲಿಸಿದ ವಿಮಾನ

ನಮ್ಮ ಕಾರ್ಖಾನೆಗೆ ಅರವತ್ತು ತುಂಬಿದ ವರ್ಷ ಒಂದು ದಪ್ಪ ಪುಸ್ತಕ ಬಂತು. ಹೊಳೆಯುವ ಕಾಗದ, ಪುಟಪುಟಕ್ಕೂ ನಿರ್ದೇಶಕರ ಭಾವಚಿತ್ರ, ಎದೆ ತುಂಬ ಪದಕ. ಮರದ ರೆಕ್ಕೆಯ ಯುದ್ಧವಿಮಾನದಿಂದ ಹಿಡಿದು ಶಬ್ದವನ್ನು ಹಿಂದೆ ಹಾಕುವ ವಿಮಾನದವರೆಗೆ ನಾವು ಮಾಡಿದ್ದೆಲ್ಲ ಅದರಲ್ಲಿದೆ. ನಿವೃತ್ತರಿಗೆಲ್ಲ ಒಂದೊಂದು ಪ್ರತಿ ಹಂಚಿದರು. ನಾನು ಕನ್ನಡಕ ಏರಿಸಿಕೊಂಡು ಮುನ್ನೂರ ಹನ್ನೆರಡು ಪುಟವನ್ನೂ ತಿರುವಿ ಹಾಕಿದೆ. ಕಪಿತೋಲಿನಾ ಯೆಗೋರೊವ್ನಾಳ ಹೆಸರು ಎಲ್ಲೂ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. ಆ ಪುಸ್ತಕವನ್ನು ಈಗ ಎಲೆಕೋಸು ಹುಳಿಹಾಕಿದ ಪೀಪಾಯಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದೇನೆ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ.

ಹೆಸರು ಉದ್ದ, ಆಳು ಗಿಡ್ಡ. ನಾವೆಲ್ಲ ಕಾಪಾ ಎಂದು ಕರೆಯುತ್ತಿದ್ದೆವು. ಹಿಂದಿನಿಂದ ನೋಡಿದರೆ ಶಾಲೆಗೆ ಹೋಗುವ ಹುಡುಗಿ ಅನ್ನಬೇಕು, ಅಷ್ಟೇ ಎತ್ತರ. ಅವಳಿಗೆ ಕೂರುವುದೊಂದು ಬರುತ್ತಿರಲಿಲ್ಲ. ಕಾರ್ಖಾನೆಯ ಊಟದ ಮನೆಯಲ್ಲಿ ಬಟ್ಟಲು ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ಅತ್ತಿಂದಿತ್ತ ಓಡಾಡುತ್ತಲೇ ಸಾರು ಕುಡಿದು ಮುಗಿಸುತ್ತಿದ್ದಳು. ಸಿನಿಮಾಕ್ಕೆ ಕರೆದೊಯ್ದರೆ ಹಿಂದಿನ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ನಮ್ಮಲ್ಲಿ ಊರಿಗೆ ಹೊರಡುವ ಮುಂಚೆ ಮನೆಯವರೆಲ್ಲ ಒಂದು ನಿಮಿಷ ಮಾತಿಲ್ಲದೆ ಕೂತು ಏಳಬೇಕು, ಆಗ ದಾರಿ ಸುಖವಾಗಿರುತ್ತದೆ. ಕಾಪಾ ಅದಕ್ಕೂ ಬೆಂಚು ಮುಟ್ಟಿ ಎದ್ದುಬಿಡುತ್ತಿದ್ದಳು. ಮೂವತ್ತೊಂದು ವರ್ಷ ಅವಳ ಜೊತೆ ದುಡಿದ ನಾನು, ಅವಳು ಪೂರ್ತಿ ಒಂದು ನಿಮಿಷ ಕೂತದ್ದನ್ನು ಕಂಡಿದ್ದು ಎರಡೇ ಸಲ. ಆ ಎರಡು ಸಲದ ಕಥೆ ಇದು.

ಈ ಚಡಪಡಿಕೆ ಅವಳಿಗೆ ಅಂಟಿದ್ದು ಕಾರ್ಖಾನೆಯಿಂದಲೇ. ನಲವತ್ತೊಂದರ ಶರತ್ಕಾಲದಲ್ಲಿ ಜರ್ಮನ್ನರು ಬರುತ್ತಿದ್ದಾರೆಂದು ಇಡೀ ಕಾರ್ಖಾನೆಯನ್ನು ಬಿಚ್ಚಿ ರೈಲಿಗೆ ಹೇರಿದರಲ್ಲ, ಆಗ ಆರು ವರ್ಷದ ಕಾಪಾ ತಾಯಿಯ ಜೊತೆ ಒಂದು ಲೇತ್ ಯಂತ್ರದ ಕಾಲಡಿ ಮಲಗಿ ಹದಿನೇಳು ದಿನ ಪ್ರಯಾಣ ಮಾಡಿದಳು. ವೋಲ್ಗಾ ದಂಡೆಯ ಈ ಬಯಲಲ್ಲಿ ಇಳಿಸಿದರು. ಗೋಡೆ ಏಳುವ ಮೊದಲೇ ಯಂತ್ರಗಳು ತಿರುಗಿದವು, ಛಾವಣಿ ಹಾಕಿದ್ದು ಮಾರ್ಚಿನಲ್ಲಿ. ಹಿಮದಲ್ಲಿ ಕೂತ ಮಕ್ಕಳು ಮತ್ತೆ ಏಳುವುದಿಲ್ಲವೆಂದು ತಾಯಂದಿರಿಗೆ ಗೊತ್ತಿತ್ತು. ಅದಕ್ಕೇ ಅವಳ ತಾಯಿ ರೆಕ್ಕೆಗೆ ಬಟ್ಟೆ ಹೊಲಿಯುತ್ತ, ಗಂಟೆಗೊಮ್ಮೆ ತಲೆಯೆತ್ತಿ, "ಕೂರಬೇಡ ಕಾಪಾ, ಓಡ್ತಿರು" ಎನ್ನುತ್ತಿದ್ದಳಂತೆ. ತಾಯಿ ನಲವತ್ತನಾಲ್ಕರಲ್ಲಿ ತೀರಿಕೊಂಡಳು. ಓಡುವುದನ್ನು ನಿಲ್ಲಿಸು ಎಂದು ಹೇಳುವವರು ಯಾರೂ ಉಳಿಯಲಿಲ್ಲ.

ಯುದ್ಧ ಮುಗಿದ ಮೇಲೆ ಮರ ಹೋಯಿತು, ಬಟ್ಟೆ ಹೋಯಿತು, ಜೆಟ್ ಬಂತು. ಜೆಟ್ ವಿಮಾನಕ್ಕೆ ಮೂತಿಯಿಂದ ಎಂಜಿನ್‌ವರೆಗೆ ಗಾಳಿ ಎಳೆಯುವ ಒಂದು ಕೊಳವೆ ಇರುತ್ತದೆ. ಅದರ ತಗಡುಗಳನ್ನು ಕೂಡಿಸುವ ರಿವೆಟ್ ಮೊಳೆ ಹೊಡೆಯಬೇಕಾದರೆ ಒಬ್ಬರು ಹೊರಗಿನಿಂದ ಗಾಳಿಯೊತ್ತಡದ ಸುತ್ತಿಗೆ ಹಿಡಿಯಬೇಕು, ಇನ್ನೊಬ್ಬರು ಕೊಳವೆಯೊಳಗೆ ತೆವಳಿ ರಿವೆಟ್ಟಿನ ಬಾಲಕ್ಕೆ ಉಕ್ಕಿನ ಗಟ್ಟಿ ಆನಿಸಿ ಹಿಡಿಯಬೇಕು. ಇಂಜಿನಿಯರುಗಳು ನಕ್ಷೆ ಬರೆಯುವಾಗ ಒಳಗೆ ಹೋಗುವವರ ಭುಜ ಎಷ್ಟು ಅಗಲವೆಂದು ಯೋಚಿಸಿದವರಲ್ಲ. ಗಿಡ್ಡವರಿಗಾಗಿ ಊರೆಲ್ಲ ಹುಡುಕಾಟ ನಡೆಯಿತು. ಹದಿನೇಳರ ಕಾಪಾ ಹಾಗೆ ಕೆಲಸಕ್ಕೆ ಸೇರಿದಳು. ಒಂಬತ್ತು ವರ್ಷದ ಮೇಲೆ ನಾನು ಬಂದೆ. ನಾನು ಅಗಲವಾದ ಹೆಂಗಸು, ಹೊರಗಿನ ಸುತ್ತಿಗೆ ನನ್ನ ಪಾಲಾಯಿತು.

ಕೊಳವೆಯ ಒಳಗೂ ಹೊರಗೂ ಮಾತು ಕೇಳಿಸುವುದಿಲ್ಲ. ಒಳಗಿನವಳು ಆ ಉಕ್ಕಿನ ಗಟ್ಟಿಯಿಂದ ತಗಡಿಗೆ ತಟ್ಟಬೇಕು. ಒಂದು ಸಲ ತಟ್ಟಿದರೆ ಇನ್ನೂ ಹೊಡಿ ಅಂತ. ಎರಡು ಸಲ ತಟ್ಟಿದರೆ ಸರಿಯಾಗಿ ಕೂತಿದೆ, ಮುಂದಿನದಕ್ಕೆ ಹೋಗು ಅಂತ. ಮೂರು ಸಲ ತಟ್ಟಿದರೆ ನಿಲ್ಲಿಸು. ದಿನಕ್ಕೆ ಎಂಟು ಗಂಟೆ ನಾನೂ ಅವಳೂ ಒಬ್ಬರ ಮುಖ ಒಬ್ಬರು ನೋಡದೆ ಇದೇ ಭಾಷೆಯಲ್ಲಿ ಬದುಕಿದೆವು. ನನ್ನ ಗಂಡನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ನಾನು ಅವಳ ಜೊತೆ ತಗಡಿನ ಮೂಲಕ ಆಡಿದ್ದೇನೆ.

ಕೊಳವೆಗೆ ಇಳಿಯುವವರ ಮೈಮೇಲೆ ಸಡಿಲವಾದ ವಸ್ತು ಒಂದೂ ಇರಕೂಡದು. ಓಲೆ, ಉಂಗುರ, ಕ್ಲಿಪ್ಪು ಎಲ್ಲ ತೆಗೆದಿಡಬೇಕು. ಕೆಲಸದಂಗಿಗೆ ಗುಂಡಿ ಇರಲಿಲ್ಲ, ಲಾಡಿ ಇತ್ತು. ಪ್ರತಿ ಉಪಕರಣಕ್ಕೂ ಗೋಡೆಯ ಹಲಗೆಯಲ್ಲಿ ಒಂದು ಮೊಳೆ, ತೆಗೆದುಕೊಂಡು ಹೋದವರ ನಂಬರಿನ ಹಿತ್ತಾಳೆ ಬಿಲ್ಲೆ ಆ ಮೊಳೆಯಲ್ಲಿ ನೇತಾಡಬೇಕು. ಸಂಜೆ ಒಂದೇ ಒಂದು ಬಿಲ್ಲೆ ಉಳಿದರೂ ವಿಮಾನ ಜಾಗ ಬಿಟ್ಟು ಅಲುಗುವುದಿಲ್ಲ. ಕೊಳವೆಯಲ್ಲಿ ಉಳಿದ ಒಂದು ಚೂರನ್ನು ಎಂಜಿನ್ ಒಳಗೆಳೆದುಕೊಂಡರೆ ಏನಾಗುತ್ತದೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅರವತ್ತೇಳರಲ್ಲಿ ಕಾಪಾಳಿಗೆ ಸ್ವಂತ ಮುದ್ರೆ ಸಿಕ್ಕಿತು. ಬೆರಳುದ್ದದ ಉಕ್ಕಿನ ಕಡ್ಡಿ, ತುದಿಯಲ್ಲಿ ಇನ್ನೂರ ಹದಿನಾಲ್ಕು ಎಂಬ ಅಂಕಿ. ಅದನ್ನು ಪಡೆದವರ ಕೆಲಸವನ್ನು ಮತ್ತೊಬ್ಬರು ಪರೀಕ್ಷಿಸುವುದಿಲ್ಲ, ಅವರು ಒತ್ತಿದರೆ ಮುಗಿಯಿತು. ಎರಡು ಸಾವಿರ ಜನರಲ್ಲಿ ಮುದ್ರೆ ಇದ್ದ ಹೆಂಗಸರು ಮೂವರು. ಗೇಟಿನ ಪಕ್ಕದ ಗೌರವ ಫಲಕದಲ್ಲಿ ಅವಳ ಫೋಟೋ ಹಾಕಿದರು. ಹೋಗುವವರು ಬರುವವರೆಲ್ಲ ನೋಡುತ್ತಿದ್ದರು. ಅಷ್ಟು ಜನರ ಕಣ್ಣು ಬಿದ್ದರೆ ದೃಷ್ಟಿಯಾಗದೆ ಇರುತ್ತದೆಯೇ? ಅವಳ ಅತ್ತೆ ಗಾಷಾ ಅಜ್ಜಿ ಒಂದು ಸೇಫ್ಟಿ ಪಿನ್ನಿಗೆ ಕೆಂಪು ದಾರ ಸುತ್ತಿ, ಸೊಸೆಯ ಒಳಂಗಿಯ ಅಂಚಿಗೆ ತಲೆಕೆಳಗಾಗಿ ಚುಚ್ಚಿದಳು. ಕೊಳವೆಗೆ ಇಳಿಯುವಾಗಲೂ ತೆಗೆಯಬಾರದೆಂದು ಆಣೆ ಹಾಕಿಸಿಕೊಂಡಳು. ಓಲೆ ತೆಗೆದಿಡುವ ಕಾಪಾ ಪಿನ್ನನ್ನು ಮಾತ್ರ ಹಾಗೇ ಬಿಟ್ಟಳು. ನಾನು ಬೈಯಲಿಲ್ಲ, ಏಕೆಂದರೆ ನನ್ನದೂ ಒಂದು ಒಳಗಿತ್ತು.

ಡಿಸೆಂಬರ್ ಇಪ್ಪತ್ತೊಂಬತ್ತು. ಆ ವರ್ಷದ ಕಟ್ಟಕಡೆಯ ವಿಮಾನ, ಮೂತಿಯ ಮೇಲೆ ಹದಿನೇಳು ನಂಬರಿನದು, ನಮ್ಮ ಕೈಯಿಂದ ದಾಟಿತು. ಮಾರನೆಯ ದಿನ ಹತ್ತು ಗಂಟೆಗೆ ಅದು ಹಾರಿದರೆ ವರ್ಷಕ್ಕೆ ಇಷ್ಟು ವಿಮಾನವೆಂಬ ಯೋಜನೆ ಪೂರ್ತಿ, ಗೆದ್ದ ವಿಭಾಗಕ್ಕೆ ಕೊಡುವ ಕೆಂಪು ಬಾವುಟ ಇನ್ನೊಂದು ವರ್ಷ ನಮ್ಮ ವಿಭಾಗದಲ್ಲೇ ಉಳಿಯುತ್ತದೆ. ಕಾಪಾ ಕೊನೆಯ ಸಲ ಕೊಳವೆಯೊಳಗೆ ತೆವಳಿ, ಎಲ್ಲ ಒರೆಸಿ, ಮುದ್ರೆ ಒತ್ತಿ ಬಂದಳು. ಸ್ನಾನದ ಕೋಣೆಯಲ್ಲಿ ನಾನು ತಲೆಗೆ ಸೋಪು ಹಾಕಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅವಳು ಒಳಂಗಿ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದಳು. ಅಂಚಿನಲ್ಲಿ ಬೆರಳುಗುರಿನಷ್ಟು ಹರಿದಿತ್ತು. ಪಿನ್ನು ಇರಲಿಲ್ಲ.

ಬೆಳಗ್ಗೆ ಟ್ರಾಮಿನ ನೂಕುನುಗ್ಗಲಲ್ಲಿ ಕಿತ್ತು ಬಿದ್ದಿರುತ್ತದೆ ಎಂದೆ. ಅವಳು ಹರಿದ ಜಾಗವನ್ನೇ ಉಜ್ಜುತ್ತಿದ್ದಳು.

"ಒಳಗೆ ಬಿದ್ದಿದ್ರೆ?"

"ಬಿದ್ದಿದ್ರೆ ಸದ್ದು ಕೇಳಿಸ್ತಿರ್ಲಿಲ್ವೇನೇ?"

"ನೀನು ಹೊರಗಡೆ ಆ ಪಾಟಿ ಬಡೀತಿದ್ರೆ ನಂಗೆ ನನ್ನ ಉಸಿರೇ ಕೇಳ್ಸಲ್ಲ."

ಆಗ ನಾನು ಅಂದ ಮಾತನ್ನು ಇಲ್ಲಿ ಮುಚ್ಚಿಡುವುದಿಲ್ಲ. "ಬಾಯಿ ಮುಚ್ಕೊಂಡು ಮನೆಗೆ ಹೋಗು ಕಾಪಾ. ಹೇಳಿದ್ರೆ ಮುದ್ರೆ ಹೋಗತ್ತೆ, ನಮ್ಮೆಲ್ಲರ ಬಾವುಟವೂ ಹೋಗತ್ತೆ. ಒಂದು ಪಿನ್ನಿಗೋಸ್ಕರ." ಹಾಗೆ ಹೇಳುವಾಗ ಆ ವಿಮಾನ ಹಾರಿಸುವವನ ಮುಖ ನನ್ನ ಕಣ್ಣಮುಂದೆ ಬರಲಿಲ್ಲ. ಅವಳಿಗೆ ಬಂದಿತ್ತು.

ಮನೆಯಲ್ಲಿ ಗಾಷಾ ಅಜ್ಜಿಗೆ ಹೇಳಿದರೆ ಅವಳು ಖುಷಿಪಟ್ಟಳಂತೆ. ಪಿನ್ನು ತಾನಾಗಿ ಕಳೆದುಹೋದರೆ ದೃಷ್ಟಿಯನ್ನು ಹೊತ್ತುಕೊಂಡು ಹೋಯಿತು ಎಂದೇ ನಮ್ಮ ನಂಬಿಕೆ. ಅದನ್ನು ಹುಡುಕಕೂಡದು, ಕಂಡರೂ ಮುಟ್ಟಕೂಡದು, ಹುಡುಕಿದರೆ ಹೋದ ಪೀಡೆಯನ್ನು ಕೈಹಿಡಿದು ಕರೆತಂದ ಹಾಗೆ. ಅತ್ತೆ ಹುಡುಕಬೇಡ ಅಂದಳು, ನಾನು ಹೇಳಬೇಡ ಅಂದೆ. ಕಾಪಾ ಅಡುಗೆಮನೆಯ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಲೇ ಇದ್ದಳೆಂದು ಅವಳ ಗಂಡ ಆಮೇಲೆ ಹೇಳಿದ.

ಬೆಳಗ್ಗೆ ನಾನು ವಿಭಾಗಕ್ಕೆ ಬಂದಾಗ ಅವಳ ಕೆಲಸದಂಗಿ ಮೊಳೆಯಲ್ಲೇ ಇತ್ತು. ನನಗೆ ಅರ್ಥವಾಯಿತು. ಹಾರುವ ಮೈದಾನಕ್ಕೆ ಓಡಿದೆ. ಅವಳಿಗೆ ಜೊತೆಯಾಗಲು ಓಡಿದೆನೆಂದು ಹೇಳಿಕೊಳ್ಳಲು ಆಸೆಯಿದೆ, ಆದರೆ ನಾನು ಓಡಿದ್ದು ಅವಳನ್ನು ತಡೆಯಲು.

ಲಾರಿಯೊಂದು ಹದಿನೇಳನ್ನು ಮೆಲ್ಲಗೆ ಎಳೆದುಕೊಂಡು ಹೋಗುತ್ತಿತ್ತು. ಹಿಂದೆ ನಮ್ಮ ಮೇಸ್ತ್ರಿ ಪ್ರೋಖೋರ್ ಸವೆಲ್ಯೆವಿಚ್, ಅವನ ಹಿಂದೆ ಸೈನ್ಯದ ಇಬ್ಬರು ಅಧಿಕಾರಿಗಳು. ರೆಕ್ಕೆಯ ಪಕ್ಕದಲ್ಲಿ ಕಾಪಾ ನಡೆಯುತ್ತಿದ್ದಳು. ಸುಮಾರು ದೂರ ಹಾಗೇ ನಡೆದಳು, ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಆಮೇಲೆ ಕೈಗವಸು ಕಿತ್ತು, ಆ ಕೊರೆಯುವ ಚಳಿಯಲ್ಲಿ ಬರಿಗೈ ಗೆಣ್ಣಿನಿಂದ ವಿಮಾನದ ತಗಡಿಗೆ ತಟ್ಟಿದಳು. ಒಂದು, ಎರಡು, ಮೂರು.

ಲಾರಿ ನಿಲ್ಲಲಿಲ್ಲ, ಅದಕ್ಕೆ ನಮ್ಮ ಭಾಷೆ ಬರುವುದಿಲ್ಲ. ನಾನು ನಿಂತೆ. ಆರು ವರ್ಷದ ಅಭ್ಯಾಸ, ಬುದ್ಧಿ ಹೇಳುವ ಮೊದಲೇ ಕಾಲು ನಿಂತಿತು. ಕಾಪಾ ಓಡಿಹೋಗಿ ಲಾರಿಯ ಮುಂದೆ ಕೈ ಅಗಲಿಸಿದಳು.

"ಏನಮ್ಮಾ, ಇದೇನು ಟ್ರಾಮ್ ಸ್ಟಾಪಾ?" ಎಂದ ಪ್ರೋಖೋರ್ ಸವೆಲ್ಯೆವಿಚ್, ಇನ್ನೂ ನಗುತ್ತಲೇ.

"ನನ್ನ ಪಿನ್ನು ಕಳೆದುಹೋಗಿದೆ. ಕೊಳವೆ ಒಳಗಿದ್ಯೋ ಇಲ್ವೋ ಗೊತ್ತಿಲ್ಲ. ನಾನು ಒತ್ತಿದ್ದ ಮುದ್ರೆ ವಾಪಸ್ ತಗೋತೀನಿ."

ಮೇಸ್ತ್ರಿಯ ಮುಖದಿಂದ ನಗು ಇಳಿದದ್ದನ್ನು ನಾನು ಈವರೆಗೆ ಮರೆತಿಲ್ಲ. ಅವನು ಕೂಗಾಡಲಿಲ್ಲ. ಲಾರಿಯವನಿಗೆ ಹಿಂದಕ್ಕೆ ತಿರುಗಿಸು ಎಂದು ಕೈಸನ್ನೆ ಮಾಡಿದ, ಅಷ್ಟೇ.

ವಿಭಾಗದಲ್ಲಿ ಅವನು ಮೊದಲು ಮಾಡಿದ ಕೆಲಸ ಇಪ್ಪತ್ಮೂರು ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದು. ಯಾರ ಯಾರ ಮೈಮೇಲೆ ಪಿನ್ನಿದೆ, ಈಗಲೇ ತೆಗೆದು ಮೇಜಿನ ಮೇಲಿಡಿ ಎಂದ. ಯಾರೂ ಅಲುಗಲಿಲ್ಲ. ನಾನೇ ಮೊದಲು ಹೋಗಿ ನನ್ನದನ್ನು ಇಟ್ಟೆ. ಆಮೇಲೆ ಟಿಕ್, ಟಿಕ್ ಎಂದು ಬೀಳುತ್ತಲೇ ಹೋದವು, ಹತ್ತೊಂಬತ್ತು. ಪಾರ್ಟಿಯ ಕಾರ್ಯದರ್ಶಿನಿಯದೂ ಒಂದಿತ್ತು. ಪ್ರೋಖೋರ್ ಸವೆಲ್ಯೆವಿಚ್ ಆ ರಾಶಿ ನೋಡುತ್ತ ನಿಂತು, ಕೊನೆಗೆ ತನ್ನ ಕೋಟಿನ ಒಳಜೇಬು ತಡವಿದ. ಅವನ ಹೆಂಡತಿ ಅಲ್ಲೂ ಒಂದು ಚುಚ್ಚಿದ್ದಳು. ಅವನಿಗೇ ಗೊತ್ತಿರಲಿಲ್ಲ. ಅದನ್ನೂ ಬಿಚ್ಚಿ ಮೇಜಿನ ಮೇಲಿಟ್ಟ. ನಗು ಬರಬೇಕಾದ ಹೊತ್ತು, ಆದರೆ ಯಾರಿಗೂ ಬರಲಿಲ್ಲ.

ಹೊಸ ವರ್ಷದ ಹಿಂದಿನ ಎರಡು ದಿನ ಎಂಜಿನ್ ಇಳಿಸಿ ಹುಡುಕಿದೆವು. ಕಾಪಾ ಬರಿಗೈಯಲ್ಲಿ ಕೊಳವೆಯ ಉದ್ದಕ್ಕೂ ಒಂದೊಂದು ರಿವೆಟ್ಟನ್ನೂ ಸವರುತ್ತ ತೆವಳಿದಳು. ನಾನು ಹೊರಗೆ ದೀಪ ಹಿಡಿದಿದ್ದೆ. ಅವಳ ಮೊಣಕೈ ಕಿತ್ತು ರಕ್ತ ಬಂತು, ಪಿನ್ನು ಬರಲಿಲ್ಲ. ಯೋಜನೆ ತಪ್ಪಿತು. ಕೆಂಪು ಬಾವುಟವನ್ನು ಪಕ್ಕದ ವಿಭಾಗದವರು ಬಂದು ಹೊತ್ತುಕೊಂಡು ಹೋದರು. ಊಟದ ಮನೆಯಲ್ಲಿ ಕಾಪಾ ಕಿಟಕಿಯ ಹತ್ತಿರ ನಿಂತರೆ ಅಲ್ಲಿದ್ದವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ಕಾರ್ಖಾನೆಯ ತನಿಖಾ ಸಮಿತಿಯವರು ಅವಳ ಮುದ್ರೆ ಕಿತ್ತುಕೊಂಡರು. ಗೌರವ ಫಲಕದಿಂದ ಫೋಟೋ ಇಳಿಸಿದರು. ಅದಿದ್ದ ಜಾಗದಲ್ಲಿ ಬಣ್ಣ ಮಾಸದ ಒಂದು ಚೌಕ ಬಹಳ ದಿನ ಉಳಿದಿತ್ತು.

ಜನವರಿ ನಾಲ್ಕಕ್ಕೆ, ಒಳಗೆ ಏನೂ ಇಲ್ಲವೆಂದು ಸಮಿತಿ ಬರೆದುಕೊಟ್ಟಿತು. ಹಾರಿಸಬೇಕಾದವನು ವೆನಿಯಾಮಿನ್ ಇಲ್ಯಿಚ್, ಕೊಕ್ಕರೆಯಂಥ ಉದ್ದನೆಯ ಆಸಾಮಿ, ಎರಡು ಹೆಣ್ಣುಮಕ್ಕಳ ತಂದೆ. ಅವನು ಸಮಿತಿಯ ಕಾಗದ ಓದಿ ಮಡಿಚಿ ಜೇಬಿಗಿಟ್ಟು, ಬೇಲಿಯ ಹತ್ತಿರ ಅಡ್ಡಾಡುತ್ತಿದ್ದ ಕಾಪಾಳ ಬಳಿ ನೇರ ಬಂದ.

"ಇದ್ಯಾ, ಇಲ್ವಾ, ಕಪಿತೋಲಿನಾ ಯೆಗೋರೊವ್ನಾ?"

"ನನ್ನ ಕೈ ಹೋಗೋ ಕಡೆ ಎಲ್ಲೂ ಇಲ್ಲ. ಕೈ ಹೋಗದ ಕಡೆ ನಂಗೆ ಗೊತ್ತಿಲ್ಲ, ವೆನಿಯಾಮಿನ್ ಇಲ್ಯಿಚ್."

"ಹದಿನೈದು ವರ್ಷದಿಂದ ಇಲ್ಲಿ ಹಾರಿಸ್ತಿದ್ದೀನಿ. ಗೊತ್ತಿಲ್ಲ ಅಂತ ನಂಗೆ ಹೇಳಿದವರು ನೀವೊಬ್ರೇ. ಬನ್ನಿ, ಕೂರೋಣ."

ದಾರಿಗೆ ಮುಂಚಿನ ಆ ಒಂದು ನಿಮಿಷಕ್ಕೆ ಅವನು ಬೆಂಚಿನ ಮೇಲೆ ಕೂತ. ಕಾಪಾಳೂ ಕೂತಳು, ಮೊಣಕಾಲ ಮೇಲೆ ಎರಡೂ ಕೈ ಒತ್ತಿ ಹಿಡಿದು, ತಾನು ಎದ್ದರೆ ಏನೋ ಮುರಿದುಬೀಳುತ್ತದೆ ಎಂಬಂತೆ. ಅದು ಮೊದಲನೆಯ ಸಲ. ಅವನು ಹಾರಿಹೋಗಿ ತಿರುಗಿ ಇಳಿಯುವವರೆಗಿನ ಇಪ್ಪತ್ತೇಳು ನಿಮಿಷದಲ್ಲಿ ಅವಳು ಬೇಲಿಯ ಉದ್ದಕ್ಕೂ ತುಳಿದು ತುಳಿದು ಹಿಮದಲ್ಲಿ ಒಂದು ಕಾಲುದಾರಿಯನ್ನೇ ಮಾಡಿಬಿಟ್ಟಳು.

ಅಷ್ಟಕ್ಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಒಂದು ಸಲ ಇಳಿದರೆ ಏನು ಸಾಬೀತಾಯಿತು? ಹದಿನೇಳು ಉತ್ತರದ ಯಾವುದೋ ಪಡೆಗೆ ಹೋಯಿತು. ಅದು ಅಲ್ಲಿ ಹದಿನಾಲ್ಕು ವರ್ಷ ಹಾರಿ, ಮುಪ್ಪಾಗಿ ನಿವೃತ್ತಿಯಾಯಿತು ಎಂದು ಈಗ ನನಗೆ ಗೊತ್ತು, ಆದರೆ ಆಗ ಗೊತ್ತಿರಲಿಲ್ಲವಲ್ಲ. ಉತ್ತರದಿಂದ ಯಾವ ಸೈನಿಕ ಬಂದರೂ ಕಾಪಾ ಅವನ ತೋಳು ಹಿಡಿದು ಹದಿನೇಳು ಹೇಗಿದೆಯೆಂದು ಕೇಳುತ್ತಿದ್ದಳು. ಅವರು ಹೇಳುವಂತಿರಲಿಲ್ಲ, ಅವಳು ಕೇಳುವಂತೆಯೂ ಇರಲಿಲ್ಲ. ಮನೆಯಲ್ಲಿ ಹಾಸಿಗೆ ಕೊಡವುವಳು, ಹಿಟ್ಟಿನ ಚೀಲ ಜರಡಿ ಹಿಡಿಯುವಳು. ಪಿನ್ನು ಬೇರೆ ಎಲ್ಲಾದರೂ ಸಿಕ್ಕಿಬಿಟ್ಟರೆ ವಿಮಾನದಲ್ಲಿ ಇಲ್ಲವೆಂದಾಯಿತಲ್ಲ. ಗಾಷಾ ಅಜ್ಜಿ ಪೀಡೆ ಮನೆಗೆ ಬರುತ್ತದೆಂದು ಗೊಣಗುತ್ತ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಮಾರ್ಚಿನ ಹೊತ್ತಿಗೆ ಕೊಳವೆಯೊಳಗೆ ಅವಳ ಕೈ ನಡುಗತೊಡಗಿತು. ಉಕ್ಕಿನ ಗಟ್ಟಿ ಜಾರಿ ರಿವೆಟ್ಟು ಸೊಟ್ಟಗೆ ಕೂರುತ್ತಿತ್ತು. ಹೀಗೇ ಆದರೆ ಕೊಳವೆ ಕೆಲಸದಿಂದಲೇ ತೆಗೆಯಬೇಕಾಗುತ್ತದೆಂದು ಮೇಸ್ತ್ರಿ ನನ್ನ ಕಿವಿಯಲ್ಲಿ ಹೇಳಿದ.

ಬಾಯಿ ಮುಚ್ಚಿಕೋ ಎಂದಿದ್ದ ನನಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಆಗ ನನ್ನ ತಲೆಗೆ ಹೊಳೆದದ್ದು ಇದು. ನನ್ನದೇ ಒಂದು ಪಿನ್ನು ತೆಗೆದು ಅದಕ್ಕೆ ಕೆಂಪು ದಾರ ಸುತ್ತಿದೆ. ಹೊಸದಾಗಿ ಕಾಣಬಾರದೆಂದು ಒಂದು ವಾರ ಪೀಪಾಯಿಯ ಹುಳಿನೀರಿನಲ್ಲಿ ಅದ್ದಿಟ್ಟೆ. ತುಕ್ಕು ಚೆನ್ನಾಗಿಯೇ ಹಿಡಿಯಿತು. ಏಪ್ರಿಲಿನಲ್ಲಿ ಹಿಮ ಕರಗಿ, ಚಳಿಗಾಲವಿಡೀ ಜನ ಬೀಳಿಸಿಕೊಂಡದ್ದೆಲ್ಲ ರಸ್ತೆಯಲ್ಲಿ ಮೇಲೆದ್ದು ಬಂದಾಗ, ಕೆಲಸ ಬಿಟ್ಟ ಮೇಲೆ ಅವಳನ್ನು ಟ್ರಾಮ್ ನಿಲ್ದಾಣದ ಬೆಂಚಿನ ಹತ್ತಿರ ಹಿಡಿದು ನಿಲ್ಲಿಸಿದೆ. ಇಲ್ಲೇ ಹಳಿಯ ಪಕ್ಕ ಸಿಕ್ಕಿತು ಎಂದು ಅಂಗೈ ಬಿಚ್ಚಿದೆ.

ಕಾಪಾ ಕೂತಳು. ಅದು ಎರಡನೆಯ ಸಲ.

ಪಿನ್ನನ್ನು ಬೆರಳ ತುದಿಯಲ್ಲಿ ಹಿಡಿದು ಹೊರಳಿಸಿ ನೋಡಿದಳು. ಹೋದ ಪೀಡೆಯನ್ನು ಎತ್ತಿಕೊಂಡೆಯಲ್ಲ, ನಿನಗೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ನನಗೆ ಅವಸರ. "ಈಗಲೇ ಹೋಗಿ ಮೇಸ್ತ್ರಿಗೆ ತೋರಿಸು ಕಾಪಾ. ಪಿನ್ನು ವಿಮಾನದಲ್ಲಿ ಬಿದ್ದಿರ್ಲಿಲ್ಲ ಅಂತ ಗೊತ್ತಾದ್ರೆ ಮುದ್ರೆ ನಾಳೆಯೇ ವಾಪಸ್ ಬರತ್ತೆ."

ಅವಳು ಪಿನ್ನನ್ನು ಮೂಗಿನ ಹತ್ತಿರ ತಂದಳು.

"ಎಲೆಕೋಸಿನ ವಾಸ್ನೆ ಬರ್ತಿದೆ, ಆಲ್ಯಾ."

ನನ್ನ ಮುಖ ಎಲ್ಲಿಡಲಿ ಎಂದು ತಿಳಿಯದೆ ಹಳಿಯ ಕಡೆ ತಿರುಗಿದೆ. ಒಂದು ಟ್ರಾಮ್ ಬಂತು, ನಾವು ಹತ್ತಲಿಲ್ಲ, ಅದು ಹೋಯಿತು. ಬೈಯುತ್ತಾಳೆಂದು ಕಾದೆ.

"ಮೇಸ್ತ್ರಿಗೆ ತೋರಿಸಲ್ಲ," ಎಂದಳು ಕೊನೆಗೆ. "ಇದನ್ನ ತೋರಿಸಿ ತಗೊಂಡ ಮುದ್ರೆನ ನಾನು ಯಾವ ವಿಮಾನದ ಮೇಲೆ ಒತ್ಲಿ?"

ಮುದ್ರೆ ಅವಳಿಗೆ ಮತ್ತೆ ಸಿಗಲಿಲ್ಲ. ಪುಸ್ತಕದಲ್ಲಿ ಅವಳಿಲ್ಲದಿರುವುದಕ್ಕೆ ಅದೇ ಕಾರಣ. ಆದರೆ ಆ ವರ್ಷ ನಮ್ಮ ವಿಭಾಗದ ಬಾಗಿಲಲ್ಲಿ ಉಪಕರಣದ ಹಲಗೆಯ ಪಕ್ಕ ಇನ್ನೊಂದು ಚಿಕ್ಕ ಹಲಗೆ ಬಂತು. ಇಪ್ಪತ್ನಾಲ್ಕು ಮೊಳೆ, ಪ್ರತಿ ಮೊಳೆಗೂ ನಂಬರು. ಒಳಗೆ ಹೋಗುವಾಗ ಪಿನ್ನನ್ನು ಅಲ್ಲಿ ನೇತುಹಾಕಬೇಕು, ಹೊರಗೆ ಬರುವಾಗ ಚುಚ್ಚಿಕೊಂಡು ಹೋಗಬೇಕು. ಇಪ್ಪತ್ನಾಲ್ಕನೆಯದು ಪ್ರೋಖೋರ್ ಸವೆಲ್ಯೆವಿಚ್‌ನದು. ತೊಂಬತ್ತರ ನಂತರ ವಿಮಾನ ಕೇಳುವವರಿಲ್ಲದೆ ನಾವು ಬಾಣಲೆಗೆ ಹಿಡಿ ಕೂರಿಸುತ್ತಿದ್ದಾಗಲೂ ಆ ಹಲಗೆ ಅಲ್ಲೇ ಇತ್ತು. ಪುಸ್ತಕದಲ್ಲಿ ಅದೂ ಇಲ್ಲ.

ಆ ಏಪ್ರಿಲ್ ಸಂಜೆ ನನಗೆ ಅಳು ಬರುತ್ತಿತ್ತು. ಕಾಪಾ ನನ್ನ ಸುಳ್ಳು ಪಿನ್ನನ್ನು ಕೋಟಿನ ಒಳಗೆ, ತಲೆಕೆಳಗಾಗಿ ಚುಚ್ಚಿಕೊಂಡಳು. ಆಮೇಲೆ ಕೂತಲ್ಲಿಂದಲೇ ಬೆಂಚಿನ ಹಲಗೆಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು. ಸರಿಯಾಗಿ ಕೂತಿದೆ, ಮುಂದಿನದಕ್ಕೆ ಹೋಗು. ಆ ಭಯ ಹೊರಲು ತಾನೊಬ್ಬಳೇ ಅಲ್ಲವೆಂದು ತಿಳಿದದ್ದಕ್ಕೋ ಏನೋ, ತಟ್ಟಿದ ಕೈ ನಡುಗುತ್ತಿರಲಿಲ್ಲ. ಅಷ್ಟರಲ್ಲಿ ಮೈದಾನದ ಕಡೆಯಿಂದ ಎಂಜಿನ್ ಸದ್ದು ಕೇಳಿತು. ಅವಳು ಎದ್ದು ಬೇಲಿಯ ಕಡೆ ಹೊರಟಳು. ನಾನೂ ಅವಳ ಜೊತೆ ಹೋದೆ.